ಶ್ರುತಿ ಸೇರಿದ ವಿಮಾನ

ಹೆಂಡತಿಯ ಅಕ್ಕನ ಗಂಡನಿಗೆ ಷಡ್ಡಕ ಎನ್ನುತ್ತಾರೆ. ಈ ಪದವನ್ನು ಮೊದಲು ಹುಟ್ಟಿಸಿದವನಿಗೆ ಖಂಡಿತ ಒಬ್ಬ ಷಡ್ಡಕ ಇದ್ದಿರಬೇಕು. ಇಲ್ಲದಿದ್ದರೆ ಅಷ್ಟು ಒರಟಾದ ಅಕ್ಷರಗಳನ್ನು ಒಂದೇ ಪದದಲ್ಲಿ ತುರುಕುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ.

ನನ್ನ ಷಡ್ಡಕ ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಅವರು ಒಳ್ಳೆಯವರು, ಸಹಾಯ ಮಾಡುವವರು, ಕೇಳದಿದ್ದರೂ ಸಲಹೆ ಕೊಡುವವರು. ನನ್ನ ಮನೆಯಲ್ಲಿ ಏನೇ ಇರಲಿ, ಅವರ ಮನೆಯಲ್ಲಿ ಅದೇ ವಸ್ತು ಒಂದು ಅಳತೆ ದೊಡ್ಡದಾಗಿ ಇರುತ್ತದೆ. ನಾನು ಅಂಚೆ ಕಚೇರಿಯ ಪಾರ್ಸೆಲ್ ವಿಭಾಗದಲ್ಲಿದ್ದರೆ ಅವರು ವಿಮೆ ಕಂಪನಿಯಲ್ಲಿ ಮ್ಯಾನೇಜರು. ನಾನು ಮಾದರಿ ವಿಮಾನ ಹಾರಿಸುವ ಕ್ಲಬ್ಬಿನ ಸದಸ್ಯನಾದರೆ ಅವರು ಅದರ ಅಧ್ಯಕ್ಷರು.

ಮಾದರಿ ವಿಮಾನ ಎಂದರೆ ತಿಳಿಯದವರಿಗಾಗಿ ಹೇಳುತ್ತೇನೆ. ರೆಕ್ಕೆ ಒಂದು ತೋಳಿನಷ್ಟು ಉದ್ದ, ಮೂತಿಯಲ್ಲಿ ಮುಷ್ಟಿಯಷ್ಟು ಎಂಜಿನ್, ಹಾರಿಸುವವನ ಕೈಯಲ್ಲಿ ರಿಮೋಟು. ಇದನ್ನು ‘ಆಟಿಕೆ’ ಎಂದು ಕರೆದವರ ಜೊತೆ ನಮ್ಮ ಕ್ಲಬ್ಬಿನವರು ಮಾತು ಬಿಡುತ್ತಾರೆ. ವರ್ಷಕ್ಕೊಮ್ಮೆ ಬಯಲಿನಲ್ಲಿ ಎರಡು ಕಂಬ ನೆಟ್ಟು, ಅವುಗಳ ಸುತ್ತ ವಿಮಾನಗಳ ಪಂದ್ಯ ನಡೆಸುತ್ತೇವೆ. ಪ್ರತಿ ವರ್ಷ ಷಡ್ಡಕರೇ ಗೆಲ್ಲುತ್ತಾರೆ. ನನ್ನ ವಿಮಾನಕ್ಕೆ ಕ್ಲಬ್ಬಿನವರು ‘ಎಮ್ಮೆ’ ಎಂದು ಹೆಸರಿಟ್ಟಿದ್ದರು. ಹೋದ ವರ್ಷ ಬಹುಮಾನ ಹಂಚಿ, ಫೋಟೋ ತೆಗೆಸಿ, ಕುರ್ಚಿಗಳನ್ನು ಮಡಚುತ್ತಿದ್ದಾಗ ಎಮ್ಮೆ ತನ್ನ ಕೊನೆಯ ಸುತ್ತಿನಲ್ಲಿತ್ತು.

ಈ ವರ್ಷ ಬೇರೆಯೇ ವಿಮಾನ ಕಟ್ಟಿದೆ. ಸಪೂರ ಮೈ, ಚೂಪು ಮೂತಿ. ಉಳಿದದ್ದು ಎಂಜಿನ್ನು ಮತ್ತು ಅದರ ಹೊಗೆ ಹೊರಗೆ ಬಿಡುವ ವ್ಯವಸ್ಥೆ. ಈ ಹೊಗೆಯ ವಿಷಯದಲ್ಲಿ ಮೂರು ಪಂಥಗಳಿವೆ. ಡಬ್ಬಿಯಂಥ ಸೈಲೆನ್ಸರ್ ಹಾಕಿದರೆ ಶಬ್ದ ಕಡಿಮೆ, ಆದರೆ ಎಂಜಿನ್ ನೆಗಡಿಯಾದವರ ಹಾಗೆ ಉಸಿರಾಡುತ್ತದೆ. ಏನೂ ಹಾಕದೆ ಬಾಯಿ ಬಿಟ್ಟರೆ ವೇಗ ಜಾಸ್ತಿ, ಕಿವಿ ಹೋಗುತ್ತದೆ; ಇದು ಷಡ್ಡಕರ ಪಂಥ. ಮೂರನೆಯದು ‘ಟ್ಯೂನ್ಡ್ ಪೈಪ್’. ಎರಡೂ ತುದಿ ಸಣ್ಣ, ನಡುವೆ ಹೊಟ್ಟೆ ಬಂದ ಉದ್ದನೆಯ ಕೊಳವೆ. ಅದರ ಚಿತ್ರವನ್ನು ನಾನು ಕ್ಯಾಟಲಾಗಿನ ಮುಖಪುಟದಲ್ಲಿ ನೋಡಿದ್ದೆ. ‘ಟ್ಯೂನ್ಡ್’ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಹೋಟೆಲಿನ ಬೋರ್ಡಿನಲ್ಲಿ ‘ಸ್ಪೆಷಲ್’ ಎಂದು ಬರೆಯುತ್ತಾರಲ್ಲ, ಅಂಥದ್ದೇನೋ ಇರಬೇಕು ಅಂದುಕೊಂಡಿದ್ದೆ.

ಅಷ್ಟರಲ್ಲಿ ಬಯಲಿಗೇ ಕುತ್ತು ಬಂತು. ನಗರಸಭೆ ನಮಗೆ ಕೊಟ್ಟಿದ್ದ ಪರವಾನಗಿ ಮುಗಿಯುವುದರಲ್ಲಿತ್ತು. ಅದನ್ನು ಮುಂದುವರಿಸಬೇಕಾದರೆ ಅಕ್ಕಪಕ್ಕದವರ ಆಕ್ಷೇಪಣೆ ಇರಬಾರದು. ಬಯಲಿಗೆ ಅಂಟಿಕೊಂಡೇ ನಮ್ಮ ಬೀದಿ, ಬೀದಿಯ ಕೊನೆಯ ಮನೆ ಪಿಟೀಲು ಮೇಷ್ಟ್ರದ್ದು. ಅವರು ನಗರಸಭೆಗೆ ಹೋಗಿ, ತಮ್ಮ ಆಕ್ಷೇಪಣೆ ಇದೆ ಎಂದು ಬಾಯಿಮಾತಿನಲ್ಲಿ ಹೇಳಿ ಬಂದಿದ್ದರು. ಅವರ ಪಕ್ಕದ ಮನೆ ನನ್ನದಾದ್ದರಿಂದ ರಾಜಿ ಮಾಡಿಸುವ ಕೆಲಸವನ್ನು ಕ್ಲಬ್ಬು ನನ್ನ ತಲೆಗೆ ಕಟ್ಟಿತು.

ಆ ಬಯಲು ಹೋದರೆ ಷಡ್ಡಕರಿಗೆ ಏನೂ ಆಗುತ್ತಿರಲಿಲ್ಲ. ಅವರಿಗೆ ಗಾಲ್ಫ್ ಇತ್ತು, ಕಾರು ಇತ್ತು. ನನಗೆ ಇದ್ದದ್ದು ಅದೊಂದೇ. ವಾರವೆಲ್ಲ ಬೇರೆಯವರ ವಿಳಾಸ ಬರೆದ ಪೊಟ್ಟಣಗಳನ್ನು ತೂಗಿ, ಮುದ್ರೆ ಒತ್ತಿ, ಆಚೆ ತಳ್ಳುವವನಿಗೆ ಭಾನುವಾರ ತನ್ನದೇ ಆದ ವಸ್ತುವೊಂದು ನೆಲ ಬಿಟ್ಟು ಏಳುವುದನ್ನು ನೋಡಿದಾಗ ಎಷ್ಟು ಸಂತೋಷವಾಗುತ್ತದೆ ಎಂಬುದನ್ನು ಹೇಳಲಾರೆ. ಎಮ್ಮೆಯಾದರೂ ಸರಿ, ಅದು ನನ್ನ ಎಮ್ಮೆ.

ಮೇಷ್ಟ್ರು ಬಾಗಿಲು ತೆರೆದರು. ಅವರ ಗೇಟು ಕಿರ್ರೆಂದರೆ ಅದು ಯಾವ ಸ್ವರ ಎಂದು ಹೇಳಬಲ್ಲವರು. ನಾನು ಕೈಮುಗಿದು, ಒಳಗೆ ಹೋಗಿ ಕೂತು, ನಯವಾಗಿ ಶುರು ಮಾಡಿದೆ.

“ಮೇಷ್ಟ್ರೇ, ನಮ್ಮ ವಿಮಾನಗಳ ಶಬ್ದ ಸ್ವಲ್ಪ ಜಾಸ್ತಿ ಆಯ್ತು ಅಂತ ಕಾಣುತ್ತೆ...”

“ಜಾಸ್ತಿ ಅಂತ ಯಾರ್ರೀ ಹೇಳಿದ್ದು? ಎಷ್ಟು ಬೇಕಾದ್ರೂ ಇರ್ಲಿ. ಶ್ರುತಿ ಎಲ್ಲಿ?”

“ಶ್ರುತಿನಾ?”

“ಶ್ರುತಿ! ನಿಮ್ಮ ವಿಮಾನಗಳು ಎರಡು ಸ್ವರಗಳ ಸಂದೀಲಿ ಸಿಕ್ಕಿಹಾಕ್ಕೊಂಡು ಅರಚ್ತಾವೆ. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ನನ್ನ ಹತ್ರ ಕಲಿಯೋ ಮಕ್ಕಳು ಅದನ್ನೇ ಕೇಳಿ ಕೇಳಿ ತಂತಿ ಮೇಲೆ ಅಲ್ಲೇ ಬೆರಳಿಡ್ತಾರೆ. ಹೋದ ಸಲ ಒಬ್ಬಳು ಪರೀಕ್ಷೆಗೆ ಹೋಗಿ ನಿಮ್ಮ ಷಡ್ಡಕರ ಎಂಜಿನ್ ನುಡಿಸಿ ಬಂದಳು!”

ಇಲ್ಲಿ ನಾನು ಕ್ಷಮೆ ಕೇಳಿ ಎದ್ದು ಬರಬೇಕಿತ್ತು. ಆದರೆ ಕ್ಯಾಟಲಾಗಿನ ಮುಖಪುಟ ಕಣ್ಣ ಮುಂದೆ ಬಂತು. ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದೆ.

“ಆ ಚಿಂತೆ ಬಿಡಿ ಮೇಷ್ಟ್ರೇ. ಈ ಸಲ ನಾನು ಟ್ಯೂನ್ಡ್ ಪೈಪ್ ಹಾಕಿಸ್ತಾ ಇದೀನಿ.”

ಮೇಷ್ಟ್ರು ಕುರ್ಚಿಯ ಅಂಚಿಗೆ ಬಂದರು. ಜೇಬಿಗೆ ಕೈಹಾಕಿ ಬೆರಳುದ್ದದ ಬೆಳ್ಳಿ ಬಣ್ಣದ ಕೊಳವೆಯೊಂದನ್ನು ತೆಗೆದರು. ಊದಿದರೆ ಒಂದೇ ಸ್ವರ ಹೊರಡಿಸುವ ವಸ್ತು. ಪಿಟೀಲಿನ ತಂತಿಗಳನ್ನು ಅವರು ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದರು. ಅದನ್ನು ಅವರು ಕರೆಯುತ್ತಿದ್ದದ್ದೂ ‘ಪೈಪು’ ಎಂದೇ.

“ಟ್ಯೂನ್ಡ್ ಪೈಪು? ವಿಮಾನಕ್ಕೆ?”

“ಹೂಂ.”

“ಯಾವ ಶ್ರುತಿಗೆ?”

ನನಗೆ ಗೊತ್ತಿಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಗೊತ್ತಿಲ್ಲ ಎನ್ನುವುದಕ್ಕೆ ಬೇಕಾದ ಧೈರ್ಯ ದೇವರು ಎಲ್ಲರಿಗೂ ಕೊಟ್ಟಿರುವುದಿಲ್ಲ.

“ನೀವು ಹೇಳಿದ ಶ್ರುತಿಗೆ,” ಎಂದೆ.

ಮೇಷ್ಟ್ರು ಪೈಪು ಊದಿದರು. ನಾನು ಬಟ್ಟೆ ಅಂಗಡಿಯಲ್ಲಿ ಬಣ್ಣ ಆರಿಸುವವನ ಹಾಗೆ ತಲೆ ಓರೆ ಮಾಡಿ, “ಇದಾದ್ರೆ ಸುಲಭ, ಆಗ್ಲಿ,” ಎಂದೆ. ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. ಪಂದ್ಯದ ದಿನ ತಾವೇ ಬಯಲಿಗೆ ಬಂದು ಕೂರುವುದಾಗಿಯೂ, ವಿಮಾನ ಶ್ರುತಿಯಲ್ಲಿ ಹಾರಿದರೆ ಅಲ್ಲೇ, ಶಬ್ದ ಅಳೆಯಲು ಬರುವ ನಗರಸಭೆಯ ಅಧಿಕಾರಿಯ ಮುಂದೆ ಆಕ್ಷೇಪಣೆ ವಾಪಸ್ ತೆಗೆದುಕೊಳ್ಳುವುದಾಗಿಯೂ ಮಾತು ಕೊಟ್ಟರು.

ಮನೆಗೆ ಬಂದು ಹೆಂಡತಿಗೆ ವಿಜಯದ ಸುದ್ದಿ ಹೇಳಿದೆ. ಅವಳು ಮನೆಯ ಮುಂಭಾಗದಲ್ಲೇ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ಯಾರದೋ ಕೋಟಿನ ತೋಳಿಗೆ ಗುಂಡುಸೂಜಿ ಚುಚ್ಚುತ್ತಿದ್ದಳು, ಉಳಿದ ಸೂಜಿಗಳು ತುಟಿಯ ನಡುವೆ ಇದ್ದವು.

“ಟ್ಯೂನ್ಡ್ ಅಂದ್ರೆ ಏನು ಅಂತ ನಿಮ್ಗೆ ಗೊತ್ತಾ?”

“ಗೊತ್ತಿಲ್ದೇ ಹೇಳ್ತೀನಾ?”

“ಅದಕ್ಕೇ ಕೇಳಿದ್ದು.”

ಅರ್ಥ ಹೇಳಿದವರು ಷಡ್ಡಕರು. ಸಂಜೆ ಬಂದು ವಿಷಯವೆಲ್ಲ ಕೇಳಿ, ನಕ್ಕು ನಕ್ಕು ಕೊನೆಗೆ ಹೊಲಿಗೆ ಯಂತ್ರ ಹಿಡಿದುಕೊಂಡು ನಿಂತರು.

“ಅಲ್ಲಯ್ಯಾ, ಟ್ಯೂನ್ ಅಂದ್ರೆ ಸಂಗೀತ ಅಂದ್ಕೊಂಡ್ಯಾ? ಎಂಜಿನ್ನಿಂದ ಹೊರಟ ಹೊಗೆ ಇದೆಯಲ್ಲ, ಅದರ ಹೊಡೆತ ಪೈಪಿನ ಆ ತುದಿಗೆ ಬಡಿದು ವಾಪಸ್ ಬರುತ್ತೆ. ಸರಿಯಾದ ಗಳಿಗೆಗೆ ವಾಪಸ್ ಬಂದ್ರೆ ಎಂಜಿನ್ನಿಗೆ ಇನ್ನೊಂದು ದಮ್ಮು ಸಿಗುತ್ತೆ. ಅದಕ್ಕೆ ಪೈಪಿನ ಉದ್ದ ಹೊಂದಿಸಬೇಕು. ಅಷ್ಟೇ! ಅದಕ್ಕೂ ಪಿಟೀಲಿಗೂ ಏನು ಸಂಬಂಧ?”

“ಹೋಗಿ ಮೇಷ್ಟ್ರಿಗೆ ಹೇಳಿಬಿಡ್ಲಾ ಭಾವ?”

ಷಡ್ಡಕರ ನಗು ನಿಂತಿತು. “ಈಗ ಹೇಳಿದ್ರೆ ನನ್ನನ್ನ ಆಟ ಆಡಿಸಿದ್ರು ಅಂತ ಆ ಮನುಷ್ಯ ಸೀದಾ ನಗರಸಭೆಗೆ ಹೋಗ್ತಾನೆ. ಹೇಳ್ದೇ ಇದ್ರೆ ಪಂದ್ಯದ ದಿನ ಹೋಗ್ತಾನೆ. ಒಟ್ನಲ್ಲಿ ಬಯಲು ಹೋಯ್ತು. ನಿನ್ನನ್ನ ಮಾತಾಡಕ್ಕೆ ಕಳಿಸಿದ್ದು ನನ್ನ ತಪ್ಪು ಕಣಯ್ಯಾ, ನನ್ನ ತಪ್ಪು.” ಹೀಗೆ ತಪ್ಪನ್ನೂ ನನಗಿಂತ ಒಂದು ಅಳತೆ ದೊಡ್ಡದಾಗಿ ತಾವೇ ಇಟ್ಟುಕೊಂಡು ಹೊರಟುಹೋದರು.

ಎಂಜಿನ್ ಕೊಳ್ಳುವ ದಿನ ನಾನು ಮೆಲ್ಲಗೆ ಒಬ್ಬನೇ ಹೋಗಬೇಕೆಂದಿದ್ದೆ. ಚಪ್ಪಲಿ ಮೆಟ್ಟುವಾಗಲೇ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನ ಬಳಿ ನಿಂತಿದ್ದರು. “ವಾದ್ಯ ಕೊಳ್ಳೋವಾಗ ಗುರು ಜೊತೇಲಿರಬೇಕು,” ಎಂದರು.

ಅಂಗಡಿಯವನು ಗಾಜಿನ ಮೇಜಿನ ಮೇಲೆ ಎಂಜಿನ್ನುಗಳನ್ನು ಸಾಲಾಗಿ ಇಟ್ಟ. “ಇದು ದೊಡ್ಡದು ಸಾರ್, ಬಲ ಜಾಸ್ತಿ, ಭಾರಾನೂ ಜಾಸ್ತಿ. ಇದು ಮಧ್ಯಮ, ಹೊಗೆ ಪಕ್ಕಕ್ಕೆ ಬಿಡುತ್ತೆ. ಇದೂ ಅದೇ ಅಳತೆ, ಆದ್ರೆ ಹೊಗೆ ಹಿಂದಕ್ಕೆ ಬಿಡುತ್ತೆ, ಪೈಪು ನೆಟ್ಟಗೆ ಕೂತ್ಕೊಳ್ಳುತ್ತೆ.”

ಮೇಷ್ಟ್ರು ಮೂರನೆಯದನ್ನು ಕೈಗೆತ್ತಿಕೊಂಡು ಕೇಳಿದರು: “ಶಾರೀರ ಹೇಗಿದೆ?”

“ಶರೀರ ಪೂರ್ತಿ ಅಲ್ಯೂಮಿನಿಯಂ ಸಾರ್. ತುಕ್ಕು ಹಿಡಿಯಲ್ಲ.”

“ಶರೀರ ಅಲ್ಲ ಕಣ್ರೀ, ಶಾರೀರ. ಕಂಠ, ಕಂಠ!”

“ಕಂಠದಲ್ಲಿ ಎರಡು ಬೇರಿಂಗ್ ಇದೆ ಸಾರ್.”

“ಮೇಲಿನ ಸ್ಥಾಯಿಗೆ ಹೋಗುತ್ತಾ?”

“ಎಷ್ಟು ಮೇಲಕ್ಕೆ ಬೇಕಾದ್ರೂ ಹೋಗುತ್ತೆ ಸಾರ್. ರಿಮೋಟಿನ ಸಿಗ್ನಲ್ ಸಿಗಬೇಕು ಅಷ್ಟೇ.”

ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ಮೂರನ್ನೂ ಓಡಿಸಿ ತೋರಿಸಬೇಕು ಎಂದರು. ಅಂಗಡಿಯ ಹಿತ್ತಿಲಿನಲ್ಲಿ ಎಂಜಿನ್ ಬಿಗಿದು ಪರೀಕ್ಷಿಸುವ ಮರದ ಚೌಕಟ್ಟೊಂದಿತ್ತು. ಮೇಷ್ಟ್ರು ಕಣ್ಣು ಮುಚ್ಚಿ, ಕೈಕಟ್ಟಿ, ತಲೆ ತಗ್ಗಿಸಿ ಕೂತರು. ದೊಡ್ಡದು ಗುಡುಗಿತು. “ಗೊಗ್ಗರು,” ಎಂದರು. ಪಕ್ಕಕ್ಕೆ ಹೊಗೆ ಬಿಡುವುದು ಅರಚಿತು. “ಮೂಗಲ್ಲಿ ಹಾಡ್ತಿದೆ.” ಹಿಂದಕ್ಕೆ ಹೊಗೆ ಬಿಡುವುದು ಶುರುವಾದಾಗ ಕಿವಿಯನ್ನು ಅದರತ್ತ ವಾಲಿಸಿದರು. ಆಮೇಲೆ ಕಣ್ಣು ಬಿಟ್ಟು, “ಇದಕ್ಕೆ ಈಗ ಏನೂ ಬರಲ್ಲ. ಆದ್ರೆ ಕಲಿಸಬಹುದು,” ಎಂದರು.

ಅಂಗಡಿಯವನು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. “ದೊಡ್ಡ ಕೈ ಅಂತ ಕಾಣುತ್ತೆ. ಯಾವ ತಂಡದಲ್ಲಿದ್ರು ಸಾರ್ ಇವ್ರು?”

“ಪಿಟೀಲು,” ಎಂದೆ.

ಅವನು ಆ ಹೆಸರಿನ ತಂಡವನ್ನು ಮೊದಲೇ ಕೇಳಿದ್ದವನಂತೆ ಗಂಭೀರವಾಗಿ ತಲೆಯಾಡಿಸಿದ. ಪೈಪು ಕಟ್ಟಿಕೊಡುವಾಗ ಒಂದು ಕಿವಿಮಾತು ಹೇಳಿದ. ಎಂಜಿನ್ನಿಗೂ ಪೈಪಿಗೂ ನಡುವೆ ಒಂದು ತುಂಡು ಕೊಳವೆ ಬರುತ್ತದೆ. ಅದನ್ನು ಬೇಕೆಂದೇ ಉದ್ದ ಇಟ್ಟಿರುತ್ತಾರೆ. ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಹೋದರೆ ಎಂಜಿನ್ನಿನ ವೇಗ ಏರುತ್ತ ಹೋಗುತ್ತದೆ.

“ಏರುತ್ತಾ?” ಮೇಷ್ಟ್ರ ಕಿವಿ ನೆಟ್ಟಗಾಯಿತು. “ನೋಡಿದ್ರಾ? ನಾನು ತಂತಿ ಬಿಗೀತೀನಿ, ಇವರು ಕೊಳವೆ ಕತ್ತರಿಸ್ತಾರೆ. ವಿದ್ಯೆ ಒಂದೇ!”

ನಾನು ಹೌದೌದೆಂದು ಹಲ್ಲು ಗಿಂಜಿದೆ.

ಮುಂದಿನ ಭಾನುವಾರ ಮಧ್ಯಾಹ್ನ ನಮ್ಮ ಹಿತ್ತಿಲಿನಲ್ಲಿ ಎಂಜಿನ್ನಿನ ಪಾಠ ಆರಂಭವಾಯಿತು. ಹಳೆಯ ಬೆಂಚಿಗೆ ಎಂಜಿನ್ ಬಿಗಿದು ಪೈಪು ಕೂರಿಸಿದೆ. ಮೇಷ್ಟ್ರು ಕುರ್ಚಿಯಲ್ಲಿ ಕೂತು ತಮ್ಮ ಪೈಪು ಊದಿದರು. ನಾನು ನನ್ನ ಪೈಪು ಓಡಿಸಿದೆ.

“ಇಳಿದಿದೆ,” ಎಂದರು ಮೇಷ್ಟ್ರು. ಸಂಗೀತದವರ ಭಾಷೆಯಲ್ಲಿ ಹಾಗೆಂದರೆ ಸ್ವರ ಇರಬೇಕಾದಲ್ಲಿಗೆ ಮುಟ್ಟದೆ ಕೆಳಗೇ ಉಳಿದಿದೆ ಎಂದು ಅರ್ಥ.

ಗರಗಸ ಎತ್ತಿಕೊಂಡೆ. ಹಿಂದಿನಿಂದ ಹೆಂಡತಿ ಬಂದು ಕೈ ಹಿಡಿದಳು.

“ರೀ, ನಿಲ್ಲಿ. ಅಷ್ಟು ದೊಡ್ಡ ತುಂಡು ಹಾರಿಸಿಬಿಟ್ರೆ ಆಮೇಲೆ? ಬಟ್ಟೆ ಆದ್ರೆ ಒಳಗೆ ಮಡಿಕೆ ಬಿಟ್ಟಿರ್ತೀನಿ, ಬಿಚ್ಚಿ ಉದ್ದ ಮಾಡಬಹುದು. ಇದಕ್ಕೆ ಮಡಿಕೆ ಎಲ್ಲಿದೆ?” ಎಂದು ಬಟ್ಟೆಗೆ ಗೆರೆ ಎಳೆಯುವ ಸುಣ್ಣದ ಬಿಲ್ಲೆಯಿಂದ ಕೊಳವೆಯ ಮೇಲೆ ಗೆರೆ ಎಳೆದಳು. ಉಗುರಿನ ಅಂಚಿನಷ್ಟು ಸಣ್ಣ ಚೂರು.

ಕತ್ತರಿಸಿದೆ. ಓಡಿಸಿದೆ. “ಇಳಿದಿದೆ.” ಮತ್ತೆ ಕತ್ತರಿಸಿದೆ. “ಇನ್ನೂ ಇಳಿದಿದೆ.” ಕಾಂಪೌಂಡಿನ ಮೇಲೆ ಒಂದೊಂದೇ ತಲೆ ಕಾಣಿಸಿಕೊಳ್ಳತೊಡಗಿತು. ಎದುರು ಮನೆಯ ಹಲ್ಲಿನ ಡಾಕ್ಟರಮ್ಮ ಬಂದು, “ಏನ್ರೀ ಇದು, ರಜಾ ದಿನಾನೂ ನಾನು ಕ್ಲಿನಿಕ್ಕಲ್ಲೇ ಇದ್ದ ಹಾಗಿದೆ,” ಎಂದು ದೂರಿದರು. ಬೈಯಲೆಂದು ಬಂದವರು ಸ್ವಲ್ಪ ಹೊತ್ತಿನಲ್ಲೇ ಕಾಂಪೌಂಡಿಗೆ ಮೊಣಕೈ ಊರಿ, ಎಂಜಿನ್ ಓಡಿದಾಗಲೆಲ್ಲ ಮೇಷ್ಟ್ರಿಗಿಂತ ಮೊದಲೇ “ಇಳಿದಿದೆ!” ಎನ್ನತೊಡಗಿದರು. ಪಕ್ಕದಲ್ಲಿದ್ದವರು “ಇಲ್ಲ, ಈ ಸಲ ಪರವಾಗಿಲ್ಲ,” ಎಂದು ವಾದಕ್ಕೆ ನಿಂತರು. ನಮ್ಮ ಬೀದಿಯಲ್ಲಿ ಇಷ್ಟು ಜನಕ್ಕೆ ಸಂಗೀತ ಗೊತ್ತಿತ್ತೆಂದು ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನನಗೆ ನಂಬಿಕೆ ಹೋಗಿತ್ತು. ಷಡ್ಡಕರು ಹೇಳಿದ್ದೇ ಸರಿ, ಇದು ಬರೀ ಹೊಗೆಯ ಪೈಪು, ಇದಕ್ಕೂ ಸಂಗೀತಕ್ಕೂ ಸಂಬಂಧವಿಲ್ಲ ಎಂದು ಬಾಯಿಬಿಟ್ಟು ಹೇಳಿಯೇಬಿಡಬೇಕು ಎಂದುಕೊಂಡೆ. ಹೆಂಡತಿ ಇನ್ನೊಂದು ಗೆರೆ ಎಳೆದಳು. ಕತ್ತರಿಸಿ, ಜೋಡಿಸಿ, ಓಡಿಸಿದೆ.

ಎಂಜಿನ್ ಮೊದಲು ಎಂದಿನಂತೆ ಗೊರಗೊರ ಎಂದಿತು. ಆಮೇಲೆ ಒಮ್ಮೆಲೇ, ಮುಚ್ಚಿದ್ದ ಬಾಗಿಲು ತೆರೆದ ಹಾಗೆ, ಕೊರಳು ಬಿಚ್ಚಿತು. ಕರ್ಕಶವೆಲ್ಲ ಹೋಗಿ ಒಂದೇ ಒಂದು ಸ್ವಚ್ಛವಾದ ಸ್ವರ ಹಿತ್ತಿಲನ್ನು ತುಂಬಿತು. ಬೆಂಚು ತಾನಾಗಿ ಮುಂದೆ ಸರಿಯಿತು. ಹೆಂಡತಿ ಅದರ ಮೇಲೆ ಕೂತು ತಡೆದಳು. ಮೇಷ್ಟ್ರು ತಮ್ಮ ಪೈಪನ್ನು ಬಾಯಿಂದ ತೆಗೆದಿದ್ದರೂ ಅದರ ಸ್ವರ ಹಾಗೇ ಕೇಳುತ್ತಿತ್ತು. ಅದು ನನ್ನ ಎಂಜಿನ್ನಿನಿಂದ ಬರುತ್ತಿತ್ತು.

“ಕೂತಿತು,” ಎಂದರು ಮೇಷ್ಟ್ರು.

ಕಾಂಪೌಂಡಿನ ಮೇಲಿನವರು ಚಪ್ಪಾಳೆ ತಟ್ಟಿದರು. ಜೀವಮಾನದಲ್ಲಿ ನಾನು ಬಿಟ್ಟ ಒಂದು ಸುಳ್ಳು ಹೀಗೆ ನಿಜವಾಗಿದ್ದು ಅದೇ ಮೊದಲು.

ಪಂದ್ಯದ ದಿನ ನಗರಸಭೆಯ ಶಬ್ದದ ಅಧಿಕಾರಿ ಕೊರಳಿಗೆ ಶಬ್ದ ಅಳೆಯುವ ಯಂತ್ರ ತೂಗುಹಾಕಿಕೊಂಡು ಬಂದರು. ದಿನವಿಡೀ ಗದ್ದಲದ ನಡುವೆ ಇದ್ದು ಇದ್ದು ಅವರಿಗೆ ಮೆಲ್ಲಗೆ ಮಾತಾಡುವುದು ಅಭ್ಯಾಸವಾಗಿಬಿಟ್ಟಿತ್ತು. ತುಟಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಏನೆಂದು ಕೇಳುತ್ತಿರಲಿಲ್ಲ. ಅವರಿಗೂ ಮೇಷ್ಟ್ರಿಗೂ ಬಯಲಿನ ನಡುವೆ, ವಿಮಾನ ಹಾರಿಸುವವರು ನಿಲ್ಲುವ ಜಾಗದಲ್ಲೇ ಕುರ್ಚಿ ಹಾಕಿದೆವು. ಮೇಷ್ಟ್ರು ಪಿಟೀಲು ತಂದಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, “ಶಿಷ್ಯನ ಮೊದಲ ಕಚೇರಿ,” ಎಂದರು. ಶಿಷ್ಯ ಎಂದದ್ದು ಎಂಜಿನ್ನಿಗೆ.

ಷಡ್ಡಕರು ನನ್ನ ಪೈಪಿನ ಮೇಲೆ ಬೆರಳಿನಿಂದ ತಟ್ಟಿ, “ಏನಯ್ಯಾ, ಹಾಡ್ಕೊಂಡು ಬರ್ತೀಯಾ? ನಾವು ಗೆದ್ಮೇಲೆ ನಿಧಾನವಾಗಿ ಬಾ,” ಎಂದು ಬೆನ್ನು ಚಪ್ಪರಿಸಿದರು. ಕ್ಲಬ್ಬಿನವರೆಲ್ಲ ನಕ್ಕರು.

ಬಾವುಟ ಕೆಳಗಿಳಿಯಿತು. ವಿಮಾನಗಳು ಎದ್ದವು.

ನನ್ನದು ಎದ್ದ ರೀತಿ ನೋಡಿ ನಗು ನಿಂತಿತು. ಮೊದಲ ಕಂಬ ಸುತ್ತುವಾಗಲೇ ಉಳಿದವರನ್ನು ಹಿಂದೆ ಹಾಕಿ ಷಡ್ಡಕರ ವಿಮಾನದ ಬಾಲ ಹಿಡಿದಿತ್ತು. ಮೂರನೆಯ ಸುತ್ತಿಗೆ ಅದನ್ನೂ ದಾಟಿತು. ಷಡ್ಡಕರ ಬಾಯಿ ತೆರೆದೇ ಇತ್ತು. ಅವರ ಕಾರು, ಅವರ ಮನೆ, ಅವರ ಹಜಾರದಲ್ಲಿ ದೀಪ ಹಾಕಿ ಇಟ್ಟ ಕಪ್ಪುಗಳು, ಎಲ್ಲವೂ ನನ್ನ ವಿಮಾನದ ಹಿಂದೆ ಹಿಂದೆ ಬರುತ್ತಿದ್ದವು. ಇಷ್ಟು ಸುಖ ಇರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ.

ಆಗ ಹಿಂದಿನಿಂದ ಮೇಷ್ಟ್ರ ಕೂಗು ಕೇಳಿಸಿತು.

“ಇಳೀತು! ಇಳೀತು!”

ವಿಮಾನ ನಮ್ಮ ಕಡೆ ಬರುತ್ತಿದ್ದಾಗ ಸ್ವರ ಏರಿತ್ತು. ನಮ್ಮನ್ನು ದಾಟಿ ಆಚೆ ಹೋಗುತ್ತಿದ್ದಂತೆ ಜರ್ರನೆ ಕೆಳಗೆ ಜಾರಿತು. ರೈಲು ಸಿಳ್ಳೆ ಹಾಕಿಕೊಂಡು ಪಕ್ಕದಲ್ಲಿ ಹಾದುಹೋಗುವಾಗ ಆಗುತ್ತದಲ್ಲ, ಹಾಗೆ. ಮುಂದಿನ ಸುತ್ತಿನಲ್ಲೂ ಹಾಗೇ ಆಯಿತು. ಎಂಜಿನ್ ಬೆಂಚಿನ ಮೇಲಿದ್ದಾಗ ಈ ರೋಗ ಇರಲಿಲ್ಲ.

ಮೇಷ್ಟ್ರು ಎದ್ದು ನಿಂತಿದ್ದರು. ಮುಖ ಕಹಿ ಕುಡಿದವರ ಹಾಗಿತ್ತು. “ಬರುವಾಗ ಏರುತ್ತೆ, ಹೋಗುವಾಗ ಇಳಿಯುತ್ತೆ! ಇದೇನಾ ನೀವು ಮಾತು ಕೊಟ್ಟ ಶ್ರುತಿ? ನಂಬಿಸಿ ಮೋಸ ಮಾಡಿದ್ರಿ!” ಎಂದು ನನ್ನನ್ನು ಬೈದು, ಅಧಿಕಾರಿಯ ಕಡೆ ತಿರುಗಿದರು. ಅಧಿಕಾರಿ ತುಟಿ ಅಲ್ಲಾಡಿಸಿದರು. ಆಕ್ಷೇಪಣೆ ಇದೆಯೇ ಎಂದು ಕೇಳಿರಬೇಕು. ಯಾಕೆಂದರೆ ಮೇಷ್ಟ್ರು ಹೇಳಲೆಂದು ಬಾಯಿ ತೆರೆದರು.

“ಮೇಷ್ಟ್ರೇ, ಒಂದು ನಿಮಿಷ!” ಎಂದು ಕಿರುಚಿದೆ. ಕೊನೆಯ ಸುತ್ತು ಶುರುವಾಗಿತ್ತು. ಷಡ್ಡಕರ ವಿಮಾನ ಎಲ್ಲೋ ಹಿಂದೆ ಇತ್ತು. ಇನ್ನೊಂದು ಸಲ ಆ ಕಂಬ ಸುತ್ತಿ ಬಂದರೆ ಗೆಲುವು ನನ್ನದು, ಬಯಲು ಮಾತ್ರ ಯಾರದೂ ಅಲ್ಲ.

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಕಿವಿಯ ಹತ್ತಿರ ಬಂದು ಕೂಗಿದಳು. “ರೀ, ಬರುವಾಗ ಏರಿ ಹೋಗುವಾಗ ಇಳಿದ್ರೆ, ಬರೋದೂ ಬೇಡ ಹೋಗೋದೂ ಬೇಡ! ಅವರ ಸುತ್ತಾನೇ ಸುತ್ತಿಸಿ!”

ಅವಳ ಮಾತು ತಲೆಗೆ ಹೋಗುವ ಮೊದಲೇ ಕೈಗೆ ಹೋಯಿತು. ವಿಮಾನ ಕಂಬದ ದಾರಿ ಬಿಟ್ಟು ಓರೆಯಾಗಿ ತಿರುಗಿ, ನಾವು ನಿಂತಿದ್ದ ಜಾಗವನ್ನೇ ನಡುವೆ ಇಟ್ಟುಕೊಂಡು ದೊಡ್ಡದಾಗಿ ಸುತ್ತತೊಡಗಿತು. ಹತ್ತಿರ ಬರಲಿಲ್ಲ, ದೂರ ಹೋಗಲಿಲ್ಲ. ಸ್ವರ ಸ್ವಲ್ಪ ಅಲುಗಾಡಿ, ಆಮೇಲೆ ಒಂದೇ ಕಡೆ ನಿಂತಿತು. ಗೆರೆ ಎಳೆದ ಹಾಗೆ ನಿಂತಿತು.

ಮೇಷ್ಟ್ರ ತೆರೆದ ಬಾಯಿ ಹಾಗೇ ಉಳಿಯಿತು.

ಅತ್ತ ಷಡ್ಡಕರ ವಿಮಾನ ಗೆಲುವಿನ ಗೆರೆ ದಾಟಿತು. ಯಾರೋ ಒಬ್ಬಿಬ್ಬರು ಚಪ್ಪಾಳೆ ತಟ್ಟಿ, ಬೇರೆ ಯಾರೂ ತಟ್ಟದ್ದನ್ನು ಕಂಡು ನಿಲ್ಲಿಸಿದರು. ನನ್ನ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದನ್ನು ಅನುಭವಿಸಲು ಪುರುಸೊತ್ತಿರಲಿಲ್ಲ. ವಿಮಾನ ನಮ್ಮ ಸುತ್ತ ಸುತ್ತುತ್ತಿದ್ದುದರಿಂದ ಅದನ್ನು ನೋಡುತ್ತ ನಾನೂ ನಿಂತಲ್ಲೇ ಬುಗುರಿಯ ಹಾಗೆ ತಿರುಗಬೇಕಿತ್ತು. ಹೆಂಡತಿ ನಾನು ಬೀಳದ ಹಾಗೆ ಭುಜ ಹಿಡಿದುಕೊಂಡು ತಾನೂ ನನ್ನ ಜೊತೆ ತಿರುಗಿದಳು.

ಮೇಷ್ಟ್ರು ನಿಧಾನವಾಗಿ ಪಿಟೀಲು ತೆಗೆದು ಗದ್ದದ ಕೆಳಗೆ ಇಟ್ಟುಕೊಂಡರು. ಎಂಜಿನ್ನಿನ ಸ್ವರದ ಮೇಲೆ ಕಮಾನು ಇಟ್ಟು, ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ, ಇಳಿದು, ಮತ್ತೆ ಅಲ್ಲಿಗೇ ಬಂದರು. ತಲೆಯ ಮೇಲೆ ನನ್ನ ವಿಮಾನ ಬಿಡದೆ ಶ್ರುತಿ ಹಿಡಿದಿತ್ತು. ಕ್ಲಬ್ಬಿನವರು ಒಬ್ಬೊಬ್ಬರಾಗಿ ಹುಲ್ಲಿನ ಮೇಲೆ ಕೂತರು. ಅಧಿಕಾರಿ ಕೊರಳಿನಿಂದ ಯಂತ್ರ ತೆಗೆದು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದರು.

ಇಂಧನ ಮುಗಿಯುವ ಮುಂಚೆ ಇಂಥ ಎಂಜಿನ್ನುಗಳು ಒಂದು ಕ್ಷಣ ಸ್ವರ ಏರಿಸುತ್ತವೆ. ಅದೂ ಏರಿಸಿತು. ಮೇಷ್ಟ್ರ ಕಮಾನು ಅದರ ಹಿಂದೆಯೇ ಮೇಲಕ್ಕೆ ಹೋಯಿತು. ಎರಡೂ ಒಟ್ಟಿಗೆ ನಿಂತವು. ವಿಮಾನ ಸದ್ದಿಲ್ಲದೆ ಜಾರಿ ಬಂದು ಹುಲ್ಲಿನ ಮೇಲೆ ಇ‌ಳಿಯಿತು. ನಾನೂ ತಲೆ ತಿರುಗಿ ಅದರ ಪಕ್ಕದಲ್ಲೇ ಬಿದ್ದೆ.

ಮಲಗಿದ್ದಲ್ಲಿಂದಲೇ ನೋಡಿದೆ. ಅಧಿಕಾರಿಯ ತುಟಿ ಅಲ್ಲಾಡಿತು. ಬಯಲು ಎಷ್ಟು ಮೌನವಾಗಿತ್ತೆಂದರೆ ಅವರ ಮಾತು ಮೊದಲ ಸಲ ಎಲ್ಲರಿಗೂ ಕೇಳಿಸಿತು.

“ಆಕ್ಷೇಪಣೆ ಇದೆಯಾ?”

“ಇದೆ,” ಎಂದರು ಮೇಷ್ಟ್ರು.

ಇಷ್ಟೆಲ್ಲ ಆಗಿ, ಗೆಲುವನ್ನೂ ಬಿಟ್ಟು, ಕೊನೆಗೆ ಬಯಲೂ ಹೋಯಿತಲ್ಲ ಎಂದು ಹುಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮೇಷ್ಟ್ರು ಕಮಾನಿನಿಂದ ಷಡ್ಡಕರ ವಿಮಾನವನ್ನು ತೋರಿಸಿದರು. “ಅದಕ್ಕೆ. ಇದು ಹಾಡೋವಾಗ ಅದು ಪಕ್ಕದಲ್ಲಿ ಅಪಸ್ವರ ಹಾಕ್ತಿತ್ತು. ಅದನ್ನೊಂದು ತಿದ್ದಿಸಿ. ಮಿಕ್ಕಂತೆ ಬಯಲು ಇರ್ಲಿ, ದಿನಾ ಹಾರಿಸ್ಲಿ.”

ಅಧಿಕಾರಿ ಅಲ್ಲೇ ಪರವಾನಗಿಗೆ ಷರತ್ತು ಸೇರಿಸಿದರು: ಬಯಲಿನಲ್ಲಿ ಹಾರುವ ಸಮಸ್ತ ವಿಮಾನಗಳೂ ಸದರಿ ಪಿಟೀಲು ಮೇಷ್ಟ್ರ ಶ್ರುತಿಗೆ ಒಳಪಟ್ಟಿರತಕ್ಕದ್ದು. ಸರಕಾರಿ ಭಾಷೆಯಲ್ಲಿ ಬರೆದ ಮೇಲೆ ಅದನ್ನು ಪ್ರಶ್ನಿಸುವ ಧೈರ್ಯ ಕ್ಲಬ್ಬಿನಲ್ಲಿ ಯಾರಿಗೂ ಇರಲಿಲ್ಲ.

ಈ ವರ್ಷದ ಕಪ್ಪೂ ಷಡ್ಡಕರ ಹಜಾರಕ್ಕೇ ಹೋಯಿತು. ದೀಪವೂ ಹತ್ತಿದೆ. ಆದರೆ ಅದನ್ನು ನೋಡುತ್ತ ಕೂರಲು ಅವರಿಗೆ ಭಾನುವಾರ ಬಿಡುವಿಲ್ಲ. ಬೆಳಗಾದರೆ ಎಂಜಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಪಕ್ಕದ ಮನೆಗೆ ಬರುತ್ತಾರೆ. ಪಿಟೀಲು ಕಲಿಯಲು ಬಂದ ಚಿಕ್ಕ ಮಕ್ಕಳ ಸಾಲಿನ ಕೊನೆಯಲ್ಲಿ, ಎಂಜಿನ್ನನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಸರದಿಗೆ ಕಾಯುತ್ತ ಕೂರುತ್ತಾರೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ.

ಮೊನ್ನೆ ಅವರ ಸರದಿ ಬಂತು. ಎಂಜಿನ್ ಚಾಲೂ ಮಾಡಲು ಬಗ್ಗಿದರು.

“ಅದು ಆಮೇಲೆ,” ಎಂದರು ಮೇಷ್ಟ್ರು. “ಮೊದಲು ನಿಮ್ಮ ಬಾಯಲ್ಲಿ ಬರ್ಲಿ.” ಪೈಪು ಊದಿದರು.

ಷಡ್ಡಕರು ಆಚೀಚೆ ನೋಡಿ, ಕೆಮ್ಮಿ, ಕಣ್ಣು ಮುಚ್ಚಿ, “ಊಂ...” ಎಂದು ಹಿಡಿದರು. ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ನನ್ನ ಪಕ್ಕದಲ್ಲಿ ಕಿಟಕಿಗೆ ಒರಗಿ ನಿಂತಿದ್ದ ಹೆಂಡತಿ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿದಳು.

“ರೀ,” ಎಂದಳು, “ಭಾವ ಸ್ವಲ್ಪ ಇಳಿದಿದ್ದಾರೆ ಅಲ್ವಾ?”